ಸಂಸ್ಥಾಧ್ಯಕ್ಷನೂ ಅಂತರ್ಜಾಲದ ಪೇಟೆಯೂ: ಖೋಟಾ ಸರಕಿನ ಹೊಣೆಯನ್ನು ಕುರಿತು

ಅಂತರ್ಜಾಲದ ಮಾರುಕಟ್ಟೆಗಳಲ್ಲಿ ನಡೆಯುವ ಖೋಟಾ ಸರಕಿನ ಮಾರಾಟವನ್ನು ನಮ್ಮ ಕಾಲದ ರೋಗವೆಂದು ಭಾವಿಸುವವರುಂಟು. ರೋಗವು ಬಹಳ ಹಳೆಯದು. ಆದರೆ ಅದರ ಹೊಣೆಯನ್ನು ಯಾರು ಹೊರಬೇಕೆಂಬ ವಿಷಯದಲ್ಲಿ ದೊಡ್ಡದೊಂದು ವ್ಯತ್ಯಾಸವಾಗಿದೆ. ಅದನ್ನೇ ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಸಂಗತಿ ವಾಚಕರಿಗೆ ತಿಳಿದೇ ಇದೆ. ಗ್ರಂಥದ ಕಾಲವನ್ನು ಕುರಿತ ವಿವಾದವು ಇಲ್ಲಿ ಅಪ್ರಸ್ತುತ. ಅದರ ನಾಲ್ಕನೆಯ ಅಧಿಕರಣವಾದ ಕಂಟಕಶೋಧನದಲ್ಲಿ ಎರಡನೆಯ ಅಧ್ಯಾಯವು ವರ್ತಕರ ವಂಚನೆಯಿಂದ ಪ್ರಜೆಗಳನ್ನು ರಕ್ಷಿಸುವುದಕ್ಕೆ ಮೀಸಲಾಗಿದೆ. ಮರ, ಲೋಹ, ಮಣಿ, ಚರ್ಮ, ನೂಲು ಮೊದಲಾದವುಗಳಲ್ಲಿ ಕೀಳಾದುದನ್ನು ಉತ್ತಮವೆಂದು ಮಾರಿದವನಿಗೆ ಬೆಲೆಯ 8ರಷ್ಟು ದಂಡ. ಧಾನ್ಯ, ಉಪ್ಪು, ಸುಗಂಧ, ಔಷಧಿಗಳಲ್ಲಿ ಅದೇ ಬಣ್ಣದ ಬೇರೆ ವಸ್ತುವನ್ನು ಬೆರಸಿದರೆ 12 ಪಣ. ಒಂದೆಡೆ ಹುಟ್ಟದ ಸರಕನ್ನು ಅಲ್ಲಿಯದೆಂದು ಮಾರುವುದು, ತೋರಿಸಿದ ಪೆಟ್ಟಿಗೆಯನ್ನು ಬದಲಿಸಿ ಬೇರೊಂದನ್ನು ಕೊಡುವುದು, ಇವಕ್ಕೆ ಸರಕು ಒಂದು ಪಣಕ್ಕೂ ಕಡಮೆ ಬೆಲೆಯದಾದರೂ 54 ಪಣ. ಎರಡು ಪಣದ್ದಾದರೆ 200. ಚಿತ್ರದಲ್ಲಿ ಒಂದನ್ನು ತೋರಿಸಿ ಅಂಚೆಯಲ್ಲಿ ಇನ್ನೊಂದನ್ನು ಕಳಿಸುವ ಇಂದಿನ ವ್ಯಾಪಾರಿಯು ಇದನ್ನೋದುವಾಗ ನೆನಪಾಗದೆ ಇರನು. ಅಲ್ಪ ಬೆಲೆಗೆ ಇಷ್ಟು ಭಾರಿ ದಂಡವನ್ನು ವಿಧಿಸಿದವನು ಕೊಂಡವನ ನಷ್ಟಕ್ಕಿಂತ ಪೇಟೆಯ ನಂಬಿಕೆಗೆ ಬೀಳುವ ಪೆಟ್ಟನ್ನು ಹೆಚ್ಚಾಗಿ ಎಣಿಸಿದಂತೆ ನಮಗೆ ತೋರುತ್ತದೆ.

ಈ ದಂಡಗಳಿಗಿಂತಲೂ ಗಮನಾರ್ಹವಾದುದು ಅಧ್ಯಾಯದ ಆರಂಭದ ವಿಧಿ. ಹಳೆಯ ಸರಕನ್ನು ಮಾರಲು ಬಂದವನು ಅದು ತನ್ನದೆಂಬುದನ್ನು ಸ್ಥಾಪಿಸಿದ ಮೇಲೆಯೇ ಸಂಸ್ಥಾಧ್ಯಕ್ಷನು, ಎಂದರೆ ಪೇಟೆಯ ಅಧಿಕಾರಿಯು, ಮಾರಾಟಕ್ಕೆ ಅವಕಾಶ ಕೊಡಬೇಕು. ವಿಚಾರಣೆ ಮಾರಾಟಕ್ಕೆ ಮೊದಲೇ ನಡೆಯತಕ್ಕದ್ದು.

ಪೇಟೆಯನ್ನು ನಡೆಸುವವನಿಗೆ ಇಂಥ ಹೊಣೆಯುಂಟೆ ಎಂಬ ಪ್ರಶ್ನೆಯು 2008ರಲ್ಲಿ ಎರಡು ಪರದೇಶಗಳ ನ್ಯಾಯಾಲಯಗಳ ಮುಂದೆ ಬಂದಿತು. ಈಬೇ ಎಂಬ ಅಂತರ್ಜಾಲ ಪೇಟೆಯಲ್ಲಿ ತಮ್ಮ ಸರಕಿನ ಖೋಟಾ ಪ್ರತಿಗಳು ಮಾರಾಟವಾಗುತ್ತಿವೆಯೆಂದು ಲೂಯಿ ವಿಟಾನ್ ಮೊದಲಾದ ಸಂಸ್ಥೆಗಳು ಹೂಡಿದ ದಾವೆಯಲ್ಲಿ ಪ್ಯಾರಿಸಿನ ವಾಣಿಜ್ಯ ನ್ಯಾಯಾಲಯವು ಜೂನ್ 30ರಂದು ಸುಮಾರು 4 ಕೋಟಿ ಯೂರೋ ಪರಿಹಾರವನ್ನು ವಿಧಿಸಿತು. ಎರಡೇ ವಾರಗಳ ತರುವಾಯ, ಜುಲೈ 14ರಂದು, ಟಿಫನಿ ಆಭರಣ ಸಂಸ್ಥೆಯು ಅದೇ ಪೇಟೆಯ ಮೇಲೆ ಹೂಡಿದ್ದ ದಾವೆಯನ್ನು ನ್ಯೂಯಾರ್ಕಿನ ನ್ಯಾಯಾಲಯವು ತಳ್ಳಿಹಾಕಿತು. ಖೋಟಾ ಸರಕಿದೆಯೆಂಬ ಸಾಮಾನ್ಯ ಅರಿವು ಸಾಲದು, ಇಂಥದೇ ಸರಕು ಖೋಟಾ ಎಂಬ ನಿರ್ದಿಷ್ಟ ಅರಿವು ಬೇಕೆಂಬುದು ಅದರ ಮತ. ಸಂಸ್ಥಾಧ್ಯಕ್ಷನಿಗೆ ಈ ವಾದವು ವಿಚಿತ್ರವೆನಿಸುತ್ತಿತ್ತು.

ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಪ್ರಕರಣವು ಮಧ್ಯವರ್ತಿಗೆ ಕೆಲವು ಷರತ್ತುಗಳ ಮೇಲೆ ರಕ್ಷಣೆಯನ್ನು ಕೊಟ್ಟಿದೆ. ಮಾರುವವನಿಗೆ ಆ ರಕ್ಷಣೆಯಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯಿದೆಯ 104ನೆಯ ಪ್ರಕರಣದಂತೆ ಸುಳ್ಳು ಮುದ್ರೆಯ ಸರಕನ್ನು ಮಾರಿದವನಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆಮನೆವಾಸ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ತಾನು ನಿರ್ದೋಷಿಯೆಂದು ಸಮರ್ಥಿಸಿಕೊಳ್ಳುವ ಭಾರವೂ ಅವನದೇ. ಸರಕು ತನಗೆ ಯಾರಿಂದ ಬಂದಿತೆಂಬ ವಿವರವನ್ನು ಒದಗಿಸುವುದು ಅಂಥ ಸಮರ್ಥನೆಗಳಲ್ಲೊಂದು. ಸಂಸ್ಥಾಧ್ಯಕ್ಷನು ಪೇಟೆಯ ಬಾಗಿಲಲ್ಲಿ ಕೇಳುತ್ತಿದ್ದ ಪ್ರಶ್ನೆಯೂ ಇದರ ಹತ್ತಿರದ್ದೇ. ಈಗ ಅದು ಮಾರಾಟವಾದ ಮೇಲೆ, ನ್ಯಾಯಾಲಯದಲ್ಲಿ ಬರುತ್ತದೆ. ಸಗಟು ಅಂಗಡಿಯಿಂದ ರಸೀದಿಯಿಲ್ಲದೆ ಹತ್ತು ಜೊತೆ ಪಾದರಕ್ಷೆಗಳನ್ನು ಕೊಂಡು ತಂದು, ಕೈಯೊಳಗಿನ ಫೋನಿನ ಮೂಲಕ ಮಾರಹೊರಟ ತರುಣನಲ್ಲಿ ಅದಕ್ಕೆ ಉತ್ತರವಿರುವುದಿಲ್ಲ.