ಮೋಟಾರಿನ ಬೆಲೆ, ಕರೆಂಟಿನ ಬೆಲೆ

ಸಂಘದ ಕಾರ್ಯಕ್ರಮಗಳಿಗೆ ತಪ್ಪದೆ ಬರುವ ನಮ್ಮ ಮಿತ್ರರೊಬ್ಬರು ಸಾಕಿನಾಕಾದಲ್ಲಿ ಸಣ್ಣದೊಂದು ವರ್ಕ್‌ಶಾಪು ನಡೆಸುತ್ತಾರೆ. ನಾಲ್ಕು ಮಂದಿ ಕೆಲಸಗಾರರು, ಎರಡು ಪಾಳಿ. ಈಚೆಗೆ ಅವರ ಕಂಪ್ರೆಸರಿನ ಹತ್ತು ಅಶ್ವಶಕ್ತಿಯ ಮೋಟಾರು ಸುಟ್ಟುಹೋಯಿತು. ಹಾಗೆ ಸುಡುವುದು ಅದಕ್ಕೆ ಮೂರನೆಯ ಸಲ. ರೀವೈಂಡಿಂಗ್ ಮಾಡಿಸಿದರೆ ಎಂಟು ಸಾವಿರ ರೂಪಾಯಿ, ಹೊಸದು ಕೊಂಡರೆ ಮೂವತ್ತೆರಡು ಸಾವಿರ. “ಹೊಸದಕ್ಕೆ ಕೈಹಾಕಿದರೆ ಈ ತಿಂಗಳು ಹುಡುಗರ ಸಂಬಳಕ್ಕೆ ತೊಡಕು. ಏನು ಮಾಡಲಿ, ನೀವೇ ಹೇಳಿ” ಎಂದು ನಮ್ಮನ್ನು ಕೇಳಿದರು. ಉತ್ತರ ಹುಡುಕಿ ಹೊರಟ ನಮಗೆ ಇದು ನೂರು ವರ್ಷಕ್ಕೂ ಹಿಂದಿನ ಪ್ರಶ್ನೆಯೆಂದು ತಿಳಿಯಿತು. ನಾವು ಬಿಟ್ಟು ಬಂದ ನಾಡಿನಲ್ಲೂ ಬಂದು ನೆಲೆಸಿದ ಈ ನಗರದಲ್ಲೂ ದೊಡ್ಡ ದೊಡ್ಡವರು ಇದೇ ಲೆಕ್ಕ ಹಾಕಿದ್ದರು.

ಕಾರ್ಖಾನೆಗಳಲ್ಲಿ ತಿರುಗುವ ಮೋಟಾರುಗಳಲ್ಲಿ ಬಹುಪಾಲು ಇಂಡಕ್ಷನ್ ಮೋಟಾರುಗಳು. ಅವುಗಳ ಮೂಲತತ್ತ್ವವಾದ ತಿರುಗುವ ಕಾಂತಕ್ಷೇತ್ರವನ್ನು ಇಟಲಿಯ ಗೆಲಿಲಿಯೋ ಫೆರಾರಿಸ್ ಮತ್ತು ಅಮೆರಿಕದಲ್ಲಿ ನೆಲೆಸಿದ್ದ ನಿಕೋಲಾ ಟೆಸ್ಲಾ ಬೇರೆಬೇರೆಯಾಗಿ ಕಂಡುಕೊಂಡು 1888ರಲ್ಲಿ ಪ್ರಕಟಿಸಿದರು. ಮರುವರ್ಷ ಜರ್ಮನಿಯ ಎಇಜಿ ಕಂಪನಿಯ ಇಂಜಿನಿಯರ್ ದೊಲಿವೊ-ದೊಬ್ರೊವೊಲ್‌ಸ್ಕಿ ಮೂರು ಫೇಸಿನ ಮೋಟಾರನ್ನು ರೂಪಿಸಿದನು. ಅದರ ತಿರುಗುವ ಭಾಗಕ್ಕೆ ಹೊರಗಿನ ತಂತಿಯಿಲ್ಲ, ಸವೆಯುವ ಬ್ರಶ್ ಇಲ್ಲ. ಎಣ್ಣೆ ಕಾಣಿಸಿ ಬಿಟ್ಟರೆ ವರುಷಗಟ್ಟಲೆ ತಿರುಗುವಂಥದು.

ಇದಾಗಿ ಹದಿಮೂರೇ ವರ್ಷಗಳಲ್ಲಿ, 1902ರ ಜೂನ್ ತಿಂಗಳಲ್ಲಿ, ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಜಗತ್ತಿನಲ್ಲೇ ಬಹು ಉದ್ದವಾದ ತಂತಿಮಾರ್ಗಗಳಲ್ಲಿ ಅದೊಂದು. ಈ ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣದೆ 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಬೆಳಕಿಗಿಂತ ಮೊದಲು ನಮ್ಮ ನಾಡಿನ ವಿದ್ಯುತ್ತು ಯಂತ್ರ ತಿರುಗಿಸಲು ಹೋಯಿತೆಂಬುದು ಗಮನಿಸತಕ್ಕ ಸಂಗತಿ. ಗಣಿಯವರು ಹೊಸತನದ ಮೋಹದಿಂದ ಇದಕ್ಕೆ ಒಪ್ಪಿದವರಲ್ಲ. ಉಗಿಯಂತ್ರಗಳು ಅವರಲ್ಲಿ ಆಗಲೇ ಇದ್ದವು. ಅವುಗಳ ಹೊಟ್ಟೆಗೆ ದಿನವೂ ಹಾಕಬೇಕಾದ ಸೌದೆ, ಕಲ್ಲಿದ್ದಲಿನ ಖರ್ಚೇ ಅವರನ್ನು ಕಾಡುತ್ತಿದ್ದದ್ದು.

ಮುಂಬಯಿಯ ಕತೆಯೂ ಇದೇ. ಇಲ್ಲಿಯ ಹತ್ತಿ ಗಿರಣಿಗಳಿಗೆ ಕಲ್ಲಿದ್ದಲು ದೂರದಿಂದ ಬರಬೇಕಾಗಿತ್ತು. ಒಂದೊಂದು ಗಿರಣಿಗೆ ಒಂದು ದೊಡ್ಡ ಉಗಿಯಂತ್ರ. ಅದರ ಭಾರಿ ಗಾಲಿಯಿಂದ ಹತ್ತಿಯ ಹಗ್ಗಗಳು ಪ್ರತಿ ಮಹಡಿಯ ಶಾಫ್ಟಿಗೆ, ಆ ಶಾಫ್ಟಿನಿಂದ ಬೆಲ್ಟುಗಳು ಪ್ರತಿ ಯಂತ್ರಕ್ಕೆ. ಹತ್ತು ಮಗ್ಗ ಸುಮ್ಮನೆ ನಿಂತಿದ್ದರೂ ಶಾಫ್ಟು ಮಾತ್ರ ತಿರುಗುತ್ತಲೇ ಇರಬೇಕು. ಹಗ್ಗದ ಜಾರಿಕೆ, ಬೇರಿಂಗಿನ ಉಜ್ಜಾಟದಲ್ಲಿ ಕಲ್ಲಿದ್ದಲಿನ ಹಣ ಸೋರಿಹೋಗುತ್ತಿತ್ತು. ಜಮ್ಶೆಟ್‌ಜಿ ಟಾಟಾ ಕಂಡ ಕನಸು ಅವರು ತೀರಿಕೊಂಡ ಮೇಲೆ ಕೈಗೂಡಿತು. 1910ರಲ್ಲಿ ಜಲವಿದ್ಯುತ್ ಕಂಪನಿ ಸ್ಥಾಪನೆಯಾಯಿತು. ಲೋಣಾವಳಾದ ಮಳೆನೀರನ್ನು ಕೆರೆಗಳಲ್ಲಿ ಹಿಡಿದು ಘಟ್ಟದ ಕೆಳಗಿನ ಖೋಪೋಲಿಗೆ ಧುಮುಕಿಸಿ, 1915ರ ಫೆಬ್ರವರಿಯಲ್ಲಿ ನಗರಕ್ಕೆ ವಿದ್ಯುತ್ತು ತಂದರು. ಗಿರಣಿಗಳು ಒಂದೊಂದಾಗಿ ಉಗಿಯಂತ್ರ ಬಿಟ್ಟು ಮೋಟಾರು ಹೂಡಿದವು. ಮೊದಮೊದಲು ಇಡೀ ಶಾಫ್ಟಿಗೆ ಒಂದು ಮೋಟಾರು, ಕ್ರಮೇಣ ಒಂದೊಂದು ಯಂತ್ರಕ್ಕೆ ಒಂದೊಂದು. ಗಿರಣಿಗಳಲ್ಲಿ ದುಡಿದ, ಗಿರಣಿಯ ಕೇರಿಗಳಲ್ಲಿ ಹೋಟೆಲು ನಡೆಸಿದ ನಮ್ಮ ಹಿರಿಯರು ಈ ಬದಲಾವಣೆಯ ನಡುವೆಯೇ ಬಾಳಿದರು.

ಬಳಿಕ ಬಂದದ್ದು ಮರೆವಿನ ಕಾಲ. ಎರಡನೆಯ ಮಹಾಯುದ್ಧದ ನಂತರ ಮುಂದುವರಿದ ದೇಶಗಳಲ್ಲಿ ವಿದ್ಯುತ್ತು ಅಗ್ಗವಾಯಿತು. ಹೆಚ್ಚು ಶಾಖ ತಡೆಯುವ ಹೊಸ ಇನ್ಸುಲೇಷನ್ ಬಂದದ್ದರಿಂದ ತಾಮ್ರ ಮತ್ತು ಕಬ್ಬಿಣವನ್ನು ಕಡಿಮೆ ಹಾಕಿ ಅದೇ ಅಶ್ವಶಕ್ತಿಯ ಮೋಟಾರನ್ನು ಚಿಕ್ಕದಾಗಿ ಮಾಡುವುದು ಸಾಧ್ಯವಾಯಿತು. ಬೆಲೆ ಇಳಿಯಿತು, ಮೋಟಾರು ಬಿಸಿಯಾಯಿತು. ಅಮೆರಿಕದಲ್ಲಂತೂ 1950ರ ದಶಕದ ಸಾಮಾನ್ಯ ಮೋಟಾರಿಗಿಂತ 1970ರ ದಶಕದ್ದು ದಕ್ಷತೆಯಲ್ಲಿ ಹಿಂದೆ ಬಿತ್ತು. “ಹಳೆಯ ಮೋಟಾರು ಗಟ್ಟಿ ಸ್ವಾಮಿ” ಎಂದು ಮೇಸ್ತ್ರಿಗಳು ಹೇಳುತ್ತಿದ್ದ ಮಾತನ್ನು ಬರಿಯ ಹಳಹಳಿಕೆ ಎನ್ನುವಂತಿಲ್ಲ.

ಇದೇ ಅವಧಿಯಲ್ಲಿ ಬೆಂಗಳೂರು ಮೋಟಾರುಗಳ ತವರಾಯಿತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, 1956ರಲ್ಲಿ ಮೈಸೂರು ಸರ್ಕಾರದ ಎನ್‌ಜಿಇಎಫ್ ಹುಟ್ಟಿಕೊಂಡವು. ಎನ್‌ಜಿಇಎಫ್‌ಗೆ ಸಹಕಾರ ಕೊಟ್ಟದ್ದು ದೊಬ್ರೊವೊಲ್‌ಸ್ಕಿ ದುಡಿದಿದ್ದ ಅದೇ ಎಇಜಿ. ಈ ಶತಮಾನದ ಆರಂಭದಲ್ಲಿ ಎನ್‌ಜಿಇಎಫ್ ಬಾಗಿಲು ಹಾಕಿದ್ದು ನಮ್ಮಲ್ಲಿ ಅನೇಕರಿಗೆ ಮನೆಯ ನೋವೇ ಆಗಿತ್ತು.

1973ರ ತೈಲ ಬಿಕ್ಕಟ್ಟು ಜಗತ್ತನ್ನು ಎಚ್ಚರಿಸಿತು. ತಾಮ್ರ ಹೆಚ್ಚಿಸಿ, ಒಳ್ಳೆಯ ಉಕ್ಕಿನ ತೆಳುವಾದ ತಗಡುಗಳನ್ನು ಜೋಡಿಸಿ, ಫ್ಯಾನು ಬೇರಿಂಗುಗಳನ್ನು ತಿದ್ದಿ ಮಿತವ್ಯಯದ ಮೋಟಾರುಗಳನ್ನು ಮತ್ತೆ ಮಾಡತೊಡಗಿದರು. ನಮ್ಮ ದೇಶದಲ್ಲಿ ಅವುಗಳಿಗಾಗಿ ಐಎಸ್ 12615 ಎಂಬ ಮಾನಕ 1989ರಲ್ಲಿ ಬಂದಿತು; 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಯಾಯಿತು. 2008ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ಐಇ-1, ಐಇ-2, ಐಇ-3 ಎಂಬ ದರ್ಜೆಗಳನ್ನು ಗೊತ್ತುಮಾಡಿತು. ಅಂಕಿ ಏರಿದಷ್ಟೂ ನಷ್ಟ ಕಡಿಮೆ. ಹೊಸ ಮೋಟಾರಿನ ಮೇಲಿನ ಫಲಕದಲ್ಲಿ ಈ ದರ್ಜೆಯನ್ನು ಓದಬಹುದು.

ಈಗ ಮಿತ್ರರ ಲೆಕ್ಕಕ್ಕೆ ಬರೋಣ. ಹತ್ತು ಅಶ್ವಶಕ್ತಿಯೆಂದರೆ 7.5 ಕಿಲೋವಾಟ್. ಈ ಅಳತೆಯ ನಾಲ್ಕು ಪೋಲಿನ ಐಇ-1 ಮೋಟಾರಿನ ದಕ್ಷತೆ ಶೇಕಡಾ 86, ಐಇ-3ರದು 90.4. ಮೇಲ್ನೋಟಕ್ಕೆ ಅಲ್ಪ ವ್ಯತ್ಯಾಸ. ಎರಡು ಪಾಳಿಯೆಂದರೆ ವರ್ಷಕ್ಕೆ ಸುಮಾರು 4,800 ಗಂಟೆ. ಪೂರ್ಣ ಭಾರದಲ್ಲಿ ಓಡಿದರೆ ಮೊದಲನೆಯದು 41,860 ಯುನಿಟ್ ನುಂಗುತ್ತದೆ. ಎರಡನೆಯದು ಅದಕ್ಕಿಂತ 2,000 ಯುನಿಟ್‌ಗೂ ತುಸು ಹೆಚ್ಚು ಉಳಿಸುತ್ತದೆ. ಯುನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ ಉಳಿತಾಯ 16,000 ದಾಟುತ್ತದೆ. ಹೊಸದಕ್ಕೆ ಹೆಚ್ಚಾಗಿ ತೆತ್ತ 24,000 ರೂಪಾಯಿ ಒಂದೂವರೆ ವರ್ಷದಲ್ಲಿ ಕೈಗೆ ಬರುತ್ತದೆ. ಇನ್ನೊಂದು ಮಾತು: ಹಳೆಯ ಮೋಟಾರಿನ ಒಂದು ವರ್ಷದ ಕರೆಂಟಿನ ಬಿಲ್ಲೇ 3 ಲಕ್ಷ 35 ಸಾವಿರ ರೂಪಾಯಿ, ಅಂದರೆ ಹೊಸ ಮೋಟಾರಿನ ಬೆಲೆಯ ಹತ್ತು ಪಟ್ಟು! ಸುಟ್ಟ ಸುರುಳಿಯನ್ನು ಕೀಳಲು ಅತಿಯಾಗಿ ಕಾಯಿಸಿದರೆ ಒಳಗಿನ ತಗಡುಗಳ ಲೇಪ ಕೆಟ್ಟು ನಷ್ಟ ಮತ್ತೂ ಏರುತ್ತದೆ. ಮೂರು ಸಲ ಸುಟ್ಟ ಮೋಟಾರಿನಲ್ಲಿ ಈ ಭಯ ಇದ್ದೇ ಇದೆ.

ಹಾಗೆಂದು ಎಲ್ಲವನ್ನೂ ಕಿತ್ತು ಹೊಸದು ಹಾಕುವುದು ಜಾಣತನವಲ್ಲ. ದಿನಕ್ಕೆ ಅರ್ಧ ಗಂಟೆ ಓಡುವ ಮೋಟಾರಿಗೆ ಹೊಸ ಬಂಡವಾಳ ಮರಳಿ ಬಾರದು. ಐದು ಅಶ್ವಶಕ್ತಿಯ ಕೆಲಸಕ್ಕೆ “ಇರಲಿ” ಎಂದು ಹದಿನೈದನ್ನು ಹೂಡಿದರೆ ಒಳ್ಳೆಯ ದರ್ಜೆಯೂ ಪ್ರಯೋಜನಕ್ಕೆ ಬಾರದು. ಅರೆಹೊಟ್ಟೆಯಲ್ಲಿ ಓಡುವ ಮೋಟಾರಿನ ಪವರ್ ಫ್ಯಾಕ್ಟರು ಕುಸಿಯುತ್ತದೆ. ಉತ್ತಮ ದರ್ಜೆಯ ಮೋಟಾರು ತುಸು ಹೆಚ್ಚು ವೇಗದಲ್ಲಿ ತಿರುಗುತ್ತದೆಂಬುದನ್ನೂ ಮರೆಯಬಾರದು. ನಿಮಿಷಕ್ಕೆ 1,440 ಸುತ್ತಿನ ಬದಲು 1,460 ಸುತ್ತಿದರೆ ಫ್ಯಾನು ಶೇಕಡಾ 4ರಷ್ಟು ಹೆಚ್ಚು ಶಕ್ತಿ ಎಳೆಯುತ್ತದೆ. ಪುಲ್ಲಿಯನ್ನು ಹೊಂದಿಸಿಕೊಳ್ಳದಿದ್ದರೆ ಉಳಿದದ್ದೆಲ್ಲ ಅಲ್ಲೇ ಕರಗಿತು.

ಮಿತ್ರರು ಕಂಪ್ರೆಸರಿಗೆ ಹೊಸ ಮೋಟಾರನ್ನೇ ಕೊಂಡರು. ಅಂಗಡಿಯವನು ಎರಡು ಕಂತಿಗೆ ಒಪ್ಪಿದ್ದರಿಂದ ಹುಡುಗರ ಸಂಬಳವೂ ತಪ್ಪಲಿಲ್ಲ. ಅಪರೂಪಕ್ಕೆ ಓಡುವ ಸಾಣೆಯಂತ್ರದ ಮೋಟಾರನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. ಗಣಿಯವರೂ ಗಿರಣಿಯವರೂ ಹಿಂದೆ ಮಾಡಿದ ಲೆಕ್ಕವನ್ನೇ ಅವರು ತಮ್ಮ ಪುಟ್ಟ ವರ್ಕ್‌ಶಾಪಿನಲ್ಲಿ ಮಾಡಿದರು. ನಮ್ಮ ಬಾಂಧವರಲ್ಲಿ ಪಂಪು, ಹಿಟ್ಟಿನ ಗಿರಣಿ, ಲೇತು ಇಟ್ಟುಕೊಂಡವರು ಎಷ್ಟೋ ಮಂದಿ ಇದ್ದಾರೆ. ಮುಂದಿನ ಸಲ ಮೋಟಾರು ಸುಟ್ಟಾಗ ಅಂಗಡಿಯ ದರಪಟ್ಟಿಯ ಜೊತೆಗೆ ಕರೆಂಟಿನ ಬಿಲ್ಲನ್ನೂ ಒಮ್ಮೆ ಎದುರಿಗಿಟ್ಟುಕೊಂಡು ನೋಡಬೇಕೆಂದು ಅವರಲ್ಲಿ ನಮ್ಮ ವಿನಂತಿ.