ಸಮಾಜಕಾರ್ಯ ವೃತ್ತಿಯ ಕಾನೂನು ನಿಯಂತ್ರಣ (ಭಾರತ)

ದಾದಿಯರಿಗೆ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯಿದೆ, ವಕೀಲರಿಗೆ 1961ರ ವಕೀಲರ ಕಾಯ್ದೆಯಿದೆ. ಸಮಾಜಕಾರ್ಯಕ್ಕೆ ಮಾತ್ರ ಭಾರತದಲ್ಲಿ ತನ್ನದೇ ಆದ ಕಾಯ್ದೆಯಾಗಲಿ, ಇಡೀ ವೃತ್ತಿಗೆ ಅನ್ವಯಿಸುವ ಪರವಾನಗಿಯಾಗಲಿ ಇಲ್ಲ. ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದ ಕಾಯ್ದೆಗಳು ಆಯಾ ಹುದ್ದೆಯ ಮಟ್ಟಿಗೆ ಈ ವೃತ್ತಿಯನ್ನು ಮುಟ್ಟಿವೆ. ಈ ನಿಯಂತ್ರಣದ ಇತಿಹಾಸವನ್ನು ಹುಡುಕಬೇಕಾದದ್ದೂ ಅಲ್ಲಿಯೇ.

ಈ ವೃತ್ತಿಯ ಶಿಕ್ಷಣ ಮೊದಲಾದದ್ದು 1936ರಲ್ಲಿ, ಮುಂಬಯಿಯ ಸರ್ ದೊರಾಬ್ಜಿ ಟಾಟಾ ಶಾಲೆಯಲ್ಲಿ. ನಾಗಪಾಡಾದ ಬಡಜನರ ನಡುವೆ ಕೆಲಸ ಮಾಡುತ್ತಿದ್ದ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅದರ ಮೊದಲ ನಿರ್ದೇಶಕರು. ಮುಂದೆ ಇದೇ ಶಾಲೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಮಂಗಳೂರಿನ ಸಮಾಜಕಾರ್ಯ ಶಾಲೆ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು.

ಕಾನೂನು ಈ ವೃತ್ತಿಯನ್ನು ಮೊದಲು ಮುಟ್ಟಿದ್ದು ಕಾರ್ಖಾನೆಯಲ್ಲಿ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ ವಿಧಿಸಿತು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಈ ಮಿತಿ 300 ಆಗಿತ್ತು. ಕೊಡಗು, ಚಿಕ್ಕಮಗಳೂರಿನ ದೊಡ್ಡ ಕಾಫಿ ತೋಟಗಳೂ ಇದರ ವ್ಯಾಪ್ತಿಗೆ ಬಂದವು. ಹುದ್ದೆ ಕಡ್ಡಾಯವಾಯಿತು, ಆದರೆ ಆ ಅಧಿಕಾರಿಗೆ ಸಂಬಳ ಕೊಡುವವನು ಮಾಲೀಕನೇ. ಮಾಲೀಕ ಮತ್ತು ಕಾರ್ಮಿಕರ ನಡುವೆ ಸಿಕ್ಕಿಕೊಂಡಾಗ ಅವನ ಬೆನ್ನಿಗೆ ನಿಲ್ಲುವ ವೃತ್ತಿ ಮಂಡಳಿಯಾಗಲಿ, ತಪ್ಪಿದಾಗ ಅವನನ್ನು ವಿಚಾರಿಸುವ ಮಂಡಳಿಯಾಗಲಿ ಇರಲಿಲ್ಲ.

ಈ ಕೊರತೆ ಎದ್ದು ಕಾಣುವುದು ಮಕ್ಕಳ ವಿಷಯದಲ್ಲಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಅವರಿಗೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ ಏಳು ವರ್ಷಗಳ ಸಕ್ರಿಯ ದುಡಿಮೆ ಇರಬೇಕು, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿಯೊಡನೆ ವೃತ್ತಿ ನಡೆಸುತ್ತಿರಬೇಕು. ಈ ಪಟ್ಟಿಯಲ್ಲಿ ಸಮಾಜಕಾರ್ಯದ ಪದವಿಯೇ ಇಲ್ಲ. ಅನುಭವವನ್ನು ಮಾನ್ಯ ಮಾಡಿದ್ದು ಸರಿಯೇ. ಈ ಕೆಲಸಕ್ಕಾಗಿಯೇ ಕಲಿತು ಬಂದವರನ್ನು ಬಿಟ್ಟದ್ದು ಮಾತ್ರ ಒಪ್ಪುವಂಥದ್ದಲ್ಲ. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಿದ್ದ ಮಗುವಿನ ಮನೆ, ಓದು, ಒಡನಾಟಗಳನ್ನು ವಿಚಾರಿಸಿ 15 ದಿನಗಳೊಳಗೆ ವರದಿ ಕೊಡುವ ಹೊಣೆ, ಪರಿವೀಕ್ಷಣಾಧಿಕಾರಿ ಸಿಗದಿದ್ದರೆ, ಸಮಾಜ ಕಾರ್ಯಕರ್ತರ ಮೇಲೂ ಬೀಳಬಹುದು. ಮಗುವಿನ ಮುಂದಿನ ದಾರಿಯನ್ನು ತೀರ್ಮಾನಿಸಲು ಆಧಾರವಾಗುವ ಕಾಗದ ಅದು. ಅದನ್ನು ಬರೆದವರು ಅಜಾಗರೂಕರಾಗಿದ್ದರೆ, ಪಕ್ಷಪಾತ ಮಾಡಿದ್ದರೆ, ಅವರ ಹೆಸರನ್ನು ತೆಗೆದುಹಾಕಲು ವೃತ್ತಿಯ ನೋಂದಣಿ ಪುಸ್ತಕವೇ ಇಲ್ಲ. ಇಂಗ್ಲೆಂಡಿನಲ್ಲಿ 2005ರಿಂದ, ನೋಂದಣಿಯಿಲ್ಲದೆ ತಾನು ಸಮಾಜ ಕಾರ್ಯಕರ್ತನೆಂದು ಹೇಳಿಕೊಂಡು ಜನರನ್ನು ನಂಬಿಸುವುದು ಅಪರಾಧ.

ಭಾರತದಲ್ಲೂ ಪ್ರಯತ್ನ ನಡೆಯದೆ ಇಲ್ಲ. ವೃತ್ತಿಪರ ಸಮಾಜಕಾರ್ಯಕ್ಕೊಂದು ರಾಷ್ಟ್ರೀಯ ಮಂಡಳಿ ಬೇಕೆಂದು ಟಾಟಾ ಸಂಸ್ಥೆ 1993ರಲ್ಲಿ ಮಸೂದೆಯ ಕರಡು ಸಿದ್ಧಪಡಿಸಿತು. ಅದು ಕಾಯ್ದೆಯಾಗಲಿಲ್ಲ.

ನೋಂದಣಿ ಬಂದದ್ದು ಆರೋಗ್ಯ ಕ್ಷೇತ್ರದ ಬಾಗಿಲಿನಿಂದ. 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಮಂಡಳಿ ತನ್ನ ರಿಜಿಸ್ಟರಿನಲ್ಲಿ ಪುನರ್ವಸತಿ ಸಮಾಜ ಕಾರ್ಯಕರ್ತರಿಗೂ ಜಾಗ ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನಷ್ಟು ಖಚಿತವಾಗಿ ಮಾತಾಡಿತು: ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷ ಪೂರ್ಣಾವಧಿಯ ಎಂಫಿಲ್ ಮತ್ತು ಮೇಲ್ವಿಚಾರಣೆಯಲ್ಲಿ ಪಡೆದ ಚಿಕಿತ್ಸಾ ತರಬೇತಿ ಇದ್ದವರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಅವರನ್ನು ನೋಂದಾಯಿಸಿ ಪಟ್ಟಿ ಪ್ರಕಟಿಸುವುದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಕೆಲಸ. ಬೆಂಗಳೂರಿನ ನಿಮ್ಹಾನ್ಸ್ ಇಂಥವರನ್ನು ತಯಾರು ಮಾಡುವ ಪ್ರಮುಖ ಸಂಸ್ಥೆಗಳಲ್ಲೊಂದು. 2021ರ ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ತನ್ನ ಅನುಸೂಚಿಗೆ ಸೇರಿಸಿಕೊಂಡಿತು.

ಈ ನಡುವೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಪಿಎಚ್‌ಡಿ ನಿಯಮಗಳಲ್ಲಿ ಎಂಫಿಲ್ ಪದವಿಯನ್ನೇ ನಿಲ್ಲಿಸಿತು. ಒಂದು ಕಾನೂನು ಅರ್ಹತೆಯೆಂದು ಕೇಳುವ ಪದವಿಯನ್ನು ಇನ್ನೊಂದು ನಿಯಮ ಇಲ್ಲವಾಗಿಸಿದಂತಾಯಿತು. ಹಾಗಾಗಿ ಮನೋವೈದ್ಯಕೀಯ ಸಮಾಜಕಾರ್ಯ ಮತ್ತು ಚಿಕಿತ್ಸಾ ಮನಶ್ಶಾಸ್ತ್ರದ ಎಂಫಿಲ್‌ಗಳಿಗೆ 2025-26ನೇ ಸಾಲಿನವರೆಗೆ ವಿನಾಯಿತಿ ನೀಡಬೇಕಾಯಿತು.