‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಚಿತ್ರಣ ಮತ್ತು ಪಾತ್ರಹಂಚಿಕೆ

‘ಡಾಕ್ಟರ್ ಹೂ’ ಬ್ರಿಟನ್ನಿನ ಬಿಬಿಸಿ ಸಂಸ್ಥೆಯು 1963ರ ನವೆಂಬರ್ 23ರಂದು ಪ್ರಸಾರವನ್ನು ಆರಂಭಿಸಿದ ವೈಜ್ಞಾನಿಕ ಕಲ್ಪನೆಯ ದೂರದರ್ಶನ ಧಾರಾವಾಹಿ. 1989ರಲ್ಲಿ ನಿಂತುಹೋದ ಇದು 1996ರಲ್ಲಿ ಒಂದು ದೂರದರ್ಶನ ಚಲನಚಿತ್ರವಾಗಿ ಕಾಣಿಸಿಕೊಂಡು, 2005ರ ಮಾರ್ಚ್ 26ರಂದು ಪುನರಾರಂಭವಾಯಿತು. ಇಡೀ ಕುಟುಂಬ ಒಟ್ಟಿಗೆ ಕುಳಿತು ನೋಡುವ ಕಾರ್ಯಕ್ರಮವೆಂದೇ ಇದನ್ನು ರೂಪಿಸಲಾಗಿತ್ತು. ಆದ್ದರಿಂದ ಸಲಿಂಗಪ್ರೇಮಿಗಳು, ಉಭಯಲಿಂಗಾಸಕ್ತರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು ಇದರಲ್ಲಿ ಯಾವಾಗ, ಯಾವ ಸ್ಥಾನದಲ್ಲಿ, ಎಂತಹ ಕೊನೆಯೊಡನೆ ಕಾಣಿಸಿಕೊಂಡರು ಎಂಬುದು ಬ್ರಿಟಿಷ್ ಸಮಾಜದ ಚರಿತ್ರೆಯ ಒಂದು ಭಾಗವೂ ಹೌದು. ಅವರು ತೆರೆಯ ಹಿಂದೆ ಮೊದಲಿನಿಂದಲೂ ಇದ್ದರು. ತೆರೆಯ ಮೇಲೆ ಹೆಸರು ಹೇಳಿಕೊಂಡು ನಿಲ್ಲಲು ನಾಲ್ಕು ದಶಕಗಳು ಬೇಕಾದವು.

‘ಸಲಿಂಗಕಾಮ’ ಎಂಬ ರೂಢಿಯ ಪದವು ಸಂಬಂಧವನ್ನು ಬಯಕೆಯೊಂದಕ್ಕೇ ಇಳಿಸುವುದರಿಂದ ಈ ಲೇಖನದಲ್ಲಿ ‘ಸಲಿಂಗಪ್ರೇಮ’ ಎಂಬ ಪದವನ್ನು ಬಳಸಲಾಗಿದೆ. ‘ಕ್ವಿಯರ್’ ಎಂಬುದು ಮೇಲೆ ಹೇಳಿದ ಎಲ್ಲ ಗುಂಪುಗಳನ್ನೂ ಒಳಗೊಳ್ಳುವ ಪದ.

ಕಥಾವಸ್ತು ಮತ್ತು ಕಾಯಾಂತರ

ಕಥಾನಾಯಕನ ಹೆಸರು ‘ಡಾಕ್ಟರ್’ ಎಂದಷ್ಟೇ. ಈತ ಟೈಮ್ ಲಾರ್ಡ್ ಎಂಬ ಅನ್ಯಗ್ರಹದ ಕುಲಕ್ಕೆ ಸೇರಿದವನು. ಹೊರಗಿನಿಂದ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ‘ಟಾರ್ಡಿಸ್’ ಎಂಬ ಯಂತ್ರದಲ್ಲಿ ಕಾಲ ಮತ್ತು ಆಕಾಶಗಳಲ್ಲಿ ಸಂಚರಿಸುತ್ತಾನೆ. ಜೊತೆಗೆ ಒಬ್ಬಿಬ್ಬರು ಸಹಯಾತ್ರಿಗಳು ಇರುತ್ತಾರೆ. ಅವರು ಬಹುಮಟ್ಟಿಗೆ ಭೂಮಿಯ ಮನುಷ್ಯರು.

ಮೊದಲ ನಟ ವಿಲಿಯಂ ಹಾರ್ಟ್‌ನೆಲ್ 1966ರಲ್ಲಿ ಪಾತ್ರವನ್ನು ಬಿಡಬೇಕಾಗಿ ಬಂದಾಗ, ಡಾಕ್ಟರ್ ಸಾವಿನ ಅಂಚಿನಲ್ಲಿ ಹೊಸ ದೇಹವನ್ನು ತಾಳುತ್ತಾನೆ ಎಂಬ ಕಲ್ಪನೆಯನ್ನು ತರಲಾಯಿತು. ಇದನ್ನು ನಮ್ಮಲ್ಲಿನ ಪುನರ್ಜನ್ಮದ ಕಲ್ಪನೆಯೊಡನೆ ಬೆರೆಸಬಾರದು. ಇಲ್ಲಿ ಗರ್ಭವಾಸವಿಲ್ಲ, ಹಿಂದಿನದರ ಮರೆವೂ ಇಲ್ಲ. ನೆನಪು ಉಳಿದು ಮುಖ, ವಯಸ್ಸು, ಸ್ವಭಾವಗಳು ಬದಲಾಗುತ್ತವೆ. ಕನ್ನಡದಲ್ಲಿ ‘ಕಾಯಾಂತರ’ ಎನ್ನಬಹುದು. ನಟನ ಅನಾರೋಗ್ಯಕ್ಕೆ ಹುಡುಕಿದ ಈ ಉಪಾಯವೇ ಮುಂದೆ ಧಾರಾವಾಹಿಯ ದೀರ್ಘಾಯುಷ್ಯಕ್ಕೂ, ಪಾತ್ರಹಂಚಿಕೆಯ ಚರ್ಚೆಗಳೆಲ್ಲಕ್ಕೂ ಕಾರಣವಾಯಿತು. ದೇಹವೇ ಬದಲಾಗುವುದಾದರೆ ಲಿಂಗ, ವರ್ಣಗಳು ಏಕೆ ಬದಲಾಗಬಾರದು ಎಂಬ ಪ್ರಶ್ನೆ ಕಥೆಯ ಒಳಗಿನಿಂದಲೇ ಹುಟ್ಟಿತು.

ಮರೆಯ ದಶಕಗಳು (1963–1989)

ಮೊದಲ ಕಥೆ ‘ಆ್ಯನ್ ಅನ್‌ಅರ್ಥ್ಲಿ ಚೈಲ್ಡ್’ ಅನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. 1938ರಲ್ಲಿ ಲಖನೌದಲ್ಲಿ ಜನಿಸಿದ ಇವರು ಕಾದಂಬರಿಗಾರ್ತಿ ಅತಿಯಾ ಹೊಸೇನ್ ಅವರ ಪುತ್ರ. ಬಾಲ್ಯದಲ್ಲಿಯೇ ಕುಟುಂಬದೊಡನೆ ಬ್ರಿಟನ್ನಿಗೆ ಹೋದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಆಗ ಬಿಬಿಸಿಯ ನಾಟಕ ವಿಭಾಗದಲ್ಲಿದ್ದ ಏಕೈಕ ಮಹಿಳಾ ನಿರ್ಮಾಪಕಿ. ಬಿಳಿಯ ಗಂಡಸರೇ ತುಂಬಿದ್ದ ಸಂಸ್ಥೆಯಲ್ಲಿ ಒಬ್ಬ ತರುಣಿ, 24 ವರ್ಷದ ಒಬ್ಬ ಭಾರತೀಯ ಸಂಜಾತ ತರುಣ ಸೇರಿ ಈ ಧಾರಾವಾಹಿಯನ್ನು ಕಟ್ಟಿದರು. ಹುಸೇನ್ ಸಲಿಂಗಪ್ರೇಮಿಯೂ ಆಗಿದ್ದರು. ಆ ಕಾಲದ ಬ್ರಿಟನ್ನಿನಲ್ಲಿ ಅದು ಸೆರೆವಾಸಕ್ಕೆ ಗುರಿಮಾಡುವ ಅಪರಾಧ. 1967ರ ಕಾಯಿದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ, 21 ವರ್ಷ ತುಂಬಿದ ಇಬ್ಬರು ಪುರುಷರ ಖಾಸಗಿ ಸಂಬಂಧವನ್ನಷ್ಟೇ ಅಪರಾಧದ ಪಟ್ಟಿಯಿಂದ ತೆಗೆಯಿತು. ಧಾರಾವಾಹಿಯ ಹುಟ್ಟನ್ನು ಕುರಿತು 2013ರಲ್ಲಿ ತಯಾರಾದ ‘ಆ್ಯನ್ ಅಡ್ವೆಂಚರ್ ಇನ್ ಸ್ಪೇಸ್ ಆ್ಯಂಡ್ ಟೈಮ್’ ಚಿತ್ರದಲ್ಲಿ ಹುಸೇನ್ ಪಾತ್ರವನ್ನು ಸಚಾ ಧವನ್ ನಿರ್ವಹಿಸಿದರು. ಇದೇ ನಟ 2020ರಲ್ಲಿ ಡಾಕ್ಟರನ ಬದ್ಧವೈರಿ ‘ಮಾಸ್ಟರ್’ ಆಗಿ ಮುಖ್ಯ ಧಾರಾವಾಹಿಗೆ ಬಂದರು.

ಮೊದಲ ಅವಧಿಯ 26 ವರ್ಷಗಳಲ್ಲಿ ಸಲಿಂಗಪ್ರೇಮಿಯೆಂದು ಬಾಯಿಬಿಟ್ಟು ಹೇಳಿಕೊಂಡ ಮುಖ್ಯಪಾತ್ರ ಒಂದೂ ಇಲ್ಲ. ಇದ್ದದ್ದೆಲ್ಲ ಧ್ವನಿ. 1988ರ ಮೇ ತಿಂಗಳಲ್ಲಿ ಜಾರಿಗೆ ಬಂದ ‘ಸೆಕ್ಷನ್ 28’ ಎಂಬ ಕಾನೂನು, ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮವನ್ನು ‘ಪ್ರೋತ್ಸಾಹಿಸ’ಕೂಡದೆಂದು ವಿಧಿಸಿತ್ತು. ಅದು ದೂರದರ್ಶನಕ್ಕೆ ಅನ್ವಯಿಸದಿದ್ದರೂ ಶಾಲೆಗಳಲ್ಲಿ ಶಿಕ್ಷಕರು ಈ ಮಾತೆತ್ತಲು ಅಂಜುವಂತಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಪ್ರಸಾರವಾದ ‘ದಿ ಹ್ಯಾಪಿನೆಸ್ ಪೆಟ್ರೋಲ್’ ಕಥೆಯಲ್ಲಿ ದುಃಖ ಪಡುವುದೇ ಅಪರಾಧವಾಗಿರುವ ಒಂದು ರಾಜ್ಯವಿದೆ. ಟಾರ್ಡಿಸ್‌ಗೂ ಗುಲಾಬಿ ಬಣ್ಣ ಬಳಿಯಲಾಗುತ್ತದೆ. ಕೊನೆಯಲ್ಲಿ ಸರ್ವಾಧಿಕಾರಿಣಿಯ ಗಂಡ ಅವಳನ್ನು ತೊರೆದು ಮತ್ತೊಬ್ಬ ಪುರುಷನೊಡನೆ ಹೊರಟುಹೋಗುತ್ತಾನೆ. ಥ್ಯಾಚರ್ ಆಡಳಿತದ ವಿಡಂಬನೆಯಾದ ಈ ಕಥೆಯನ್ನು ಹಲವು ವಿಮರ್ಶಕರು ಸಲಿಂಗಪ್ರೇಮಿಗಳ ದಮನದ ರೂಪಕವಾಗಿಯೂ ಓದಿದ್ದಾರೆ.

ಮೊದಲ ಅವಧಿಯ ಕಟ್ಟಕಡೆಯ ಕಥೆ ‘ಸರ್ವೈವಲ್’ (1989) ಇನ್ನೂ ಸ್ಪಷ್ಟವಾದ ನಿದರ್ಶನ. ಸಹಯಾತ್ರಿ ಏಸ್ ಎಂಬ ಹುಡುಗಿಗೂ, ಚಿರತೆಯ ಮುಖದ ಕಾರಾ ಎಂಬವಳಿಗೂ ನಡುವೆ ಬೆಳೆಯುವ ಸೆಳೆತವನ್ನು ತಾನು ಸಲಿಂಗಪ್ರೇಮವೆಂದೇ ಉದ್ದೇಶಿಸಿದ್ದುದಾಗಿ ಲೇಖಕಿ ರೋನಾ ಮನ್ರೋ ಅನಂತರ ತಿಳಿಸಿದರು. ದಪ್ಪ ತುಪ್ಪಳದ ವೇಷವು ನಟಿಯ ಮುಖಭಾವವನ್ನೇ ಮುಚ್ಚಿಬಿಟ್ಟಿದ್ದರಿಂದ ಆ ಆಶಯ ನೋಡುಗರನ್ನು ಸರಿಯಾಗಿ ತಲಪಲಿಲ್ಲ.

ಪುನರಾರಂಭ ಮತ್ತು ಕ್ಯಾಪ್ಟನ್ ಜ್ಯಾಕ್

2005ರ ಪುನರಾರಂಭದ ಹೊಣೆ ಹೊತ್ತ ರಸೆಲ್ ಟಿ. ಡೇವಿಸ್, ಮ್ಯಾಂಚೆಸ್ಟರಿನ ಸಲಿಂಗಪ್ರೇಮಿ ಯುವಕರನ್ನು ಕುರಿತ ‘ಕ್ವಿಯರ್ ಆ್ಯಸ್ ಫೋಕ್’ (1999) ಧಾರಾವಾಹಿಯಿಂದ ಹೆಸರಾದವರು. 2005ರ ಮೇ 21ರ ‘ದಿ ಎಂಪ್ಟಿ ಚೈಲ್ಡ್’ ಕಂತಿನಲ್ಲಿ ಜಾನ್ ಬ್ಯಾರೋಮನ್ ನಟಿಸಿದ ಕ್ಯಾಪ್ಟನ್ ಜ್ಯಾಕ್ ಹಾರ್ಕ್‌ನೆಸ್ ಪ್ರವೇಶಿಸಿದ. 51ನೆಯ ಶತಮಾನದಿಂದ ಬಂದ ಜ್ಯಾಕ್ ಲಿಂಗಭೇದವಿಲ್ಲದೆ ಯಾರಿಗೂ ಒಲಿಯಬಲ್ಲವನು. ತನ್ನ ಕಾಲದಲ್ಲಿ ಇದು ವಿಶೇಷವೇನಲ್ಲ ಎಂಬಂತೆ ವರ್ತಿಸುವವನು. ಅದೇ ಜೂನ್ 18ರ ಕಂತಿನಲ್ಲಿ, ಮರಣ ಎದುರಿಗಿರುವಾಗ, ಅವನು ಸಹಯಾತ್ರಿ ರೋಸ್‌ಳನ್ನೂ ಡಾಕ್ಟರನನ್ನೂ ಒಂದೇ ರೀತಿಯಲ್ಲಿ ಚುಂಬಿಸಿ ಬೀಳ್ಕೊಡುತ್ತಾನೆ. ಎರಡು ಚುಂಬನಗಳಿಗೂ ಒಂದೇ ತೂಕ ಕೊಟ್ಟದ್ದರಲ್ಲಿ ಆ ದೃಶ್ಯದ ಹೊಸತನವಿದೆ. ಸೆಕ್ಷನ್ 28 ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ರದ್ದಾದದ್ದು ಅದಕ್ಕೆ ಎರಡು ವರ್ಷಗಳ ಹಿಂದೆಯಷ್ಟೇ, 2003ರಲ್ಲಿ.

ಅನಂತರ ಇಂತಹ ಪಾತ್ರಗಳು ಬದಿಯಲ್ಲಿ ಹೆಚ್ಚುತ್ತ ಬಂದವು. ‘ಗ್ರಿಡ್‌ಲಾಕ್’ (2007) ಕಂತಿನ ವೃದ್ಧ ದಂಪತಿಗಳಾದ ಇಬ್ಬರು ಸ್ತ್ರೀಯರು, 2011ರಲ್ಲಿ ಬಂದ ಅಮೆರಿಕದ ಮಾಜಿ ಪತ್ತೇದಾರ ಕ್ಯಾಂಟನ್ ಡೆಲವೇರ್ ಇಂಥವರು. ಕ್ಯಾಂಟನ್ 1969ರಲ್ಲಿ ತಾನು ಮದುವೆಯಾಗಬಯಸುವವರು ಕಪ್ಪುವರ್ಣೀಯರು ಎನ್ನುತ್ತಾನೆ. ಅಧ್ಯಕ್ಷ ನಿಕ್ಸನ್ ಉದಾರವಾಗಿ ತಲೆದೂಗಿದ ಮೇಲೆ, ‘ಅವನು’ ಎಂಬ ಸರ್ವನಾಮ ಬೀಳುತ್ತದೆ. ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ವಾಸಿಸುವ ಸರೀಸೃಪ ಕುಲದ ಮೇಡಂ ವಾಸ್ತ್ರಾ ಮತ್ತು ಅವಳ ಮಾನವ ಪತ್ನಿ ಜೆನ್ನಿ 2011ರಿಂದ 2014ರವರೆಗೆ ಹಲವು ಕಂತುಗಳಲ್ಲಿ ಬಂದರು.

ಅಂತ್ಯಗಳ ಪ್ರಶ್ನೆ

ಪಾತ್ರಗಳ ಸಂಖ್ಯೆಗಿಂತ ಅವುಗಳಿಗೆ ದೊರೆಯುವ ಕೊನೆಯೇ ಹೆಚ್ಚಿನ ಚರ್ಚೆಗೆ ಒಳಗಾಗಿದೆ. ಸಲಿಂಗಪ್ರೇಮಿ ಪಾತ್ರಗಳು ಉಳಿದವರಿಗಿಂತ ಸುಲಭವಾಗಿ ಸಾಯುತ್ತವೆ ಎಂಬುದು ಪಾಶ್ಚಾತ್ಯ ದೂರದರ್ಶನದ ಬಗ್ಗೆ ಇರುವ ಹಳೆಯ ದೂರು. ಜ್ಯಾಕ್‌ನನ್ನೇ ನಾಯಕನನ್ನಾಗಿಸಿದ ವಯಸ್ಕರ ಉಪಸರಣಿ ‘ಟಾರ್ಚ್‌ವುಡ್’ನಲ್ಲಿ (2006–2011) ಅವನ ಸಂಗಾತಿ ಇಯಾಂಟೊ ಜೋನ್ಸ್ 2009ರಲ್ಲಿ ಸತ್ತಾಗ ವೀಕ್ಷಕರು ಬಿಬಿಸಿಗೆ ಪ್ರತಿಭಟನೆಯ ಪತ್ರಗಳನ್ನು ಬರೆದರು. ಕಾರ್ಡಿಫ್ ಕೊಲ್ಲಿಯ ಮರ್ಮೇಡ್ ಕೀ ಎಂಬಲ್ಲಿನ ಗೋಡೆಯೊಂದರ ಮೇಲೆ ಅಭಿಮಾನಿಗಳು ಹೂವು, ಪತ್ರ, ಚಿತ್ರಗಳನ್ನಿಟ್ಟು, ಎಂದೂ ಹುಟ್ಟಿರದ ಆ ಯುವಕನಿಗೆ ಸ್ಮಾರಕವನ್ನೇ ಮಾಡಿದರು. ಅದು ಈಗ ಪ್ರವಾಸಿಗರು ನೋಡಹೋಗುವ ತಾಣ.

2017ರ ಏಪ್ರಿಲ್ 15ರಂದು ಪರ್ಲ್ ಮ್ಯಾಕಿ ನಟಿಸಿದ ಬಿಲ್ ಪಾಟ್ಸ್ ಬಂದಳು. ಮುಖ್ಯ ಸಹಯಾತ್ರಿಯ ಸ್ಥಾನದಲ್ಲಿ ನಿಂತು ತಾನು ಸಲಿಂಗಪ್ರೇಮಿಯೆಂದು ಹೇಳಿಕೊಂಡವರಲ್ಲಿ ಅವಳೇ ಮೊದಲಿಗಳು. ಅವಳ ಸರಣಿಯ ‘ದಿ ಈಟರ್ಸ್ ಆಫ್ ಲೈಟ್’ ಕಂತನ್ನು ಬರೆದವರು ‘ಸರ್ವೈವಲ್’ ಬರೆದಿದ್ದ ಅದೇ ರೋನಾ ಮನ್ರೋ. ಅದರಲ್ಲಿ ತನಗೆ ಹೆಂಗಸರಷ್ಟೇ ಇಷ್ಟವೆಂದು ಬಿಲ್ ತುಸು ಅಳುಕುತ್ತಲೇ ರೋಮನ್ ಸೈನಿಕನೊಬ್ಬನಿಗೆ ಹೇಳುತ್ತಾಳೆ. ಇಬ್ಬರನ್ನೂ ಇಷ್ಟಪಡುವುದೇ ಸಾಮಾನ್ಯವೆಂದು ತಿಳಿದಿರುವ ಆತ ಅವಳ ಅಭಿರುಚಿ ತುಸು ಸೀಮಿತವೆಂದು ಕನಿಕರಿಸುತ್ತಾನೆ! ಇಪ್ಪತ್ತೆಂಟು ವರ್ಷಗಳ ಹಿಂದೆ ತುಪ್ಪಳದ ಅಡಿಯಲ್ಲಿ ಹೂತುಹೋಗಿದ್ದ ಮಾತನ್ನು ಅದೇ ಲೇಖಕಿ ಹಾಸ್ಯವಾಗಿ, ನಿರ್ಭಯವಾಗಿ ಆಡಿಸಿದ ಈ ದೃಶ್ಯಕ್ಕೆ ಧಾರಾವಾಹಿಯ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಸರಣಿಯ ಕೊನೆಯಲ್ಲಿ ಬಿಲ್‌ಳನ್ನು ಗುಂಡಿಟ್ಟು, ಸೈಬರ್‌ಮ್ಯಾನ್ ಎಂಬ ಯಂತ್ರಮಾನವನನ್ನಾಗಿ ಪರಿವರ್ತಿಸಲಾಗುತ್ತದೆ. ಆಗ ಅವಳು ಮೊದಲ ಕಂತಿನಲ್ಲಿ ಮನಸೋತಿದ್ದ ಹೆದರ್ ಬಂದು ಅವಳನ್ನು ಉಳಿಸಿ ಕರೆದೊಯ್ಯುತ್ತಾಳೆ. ಹಳೆಯ ದೂರಿಗೆ ಇದು ಉತ್ತರವೇ, ಅಥವಾ ಮೊದಲು ಕೊಂದು ಆಮೇಲೆ ಮಾಡಿದ ಸಮಾಧಾನವೇ ಎಂಬ ಬಗ್ಗೆ ವಿಮರ್ಶಕರಲ್ಲಿ ಒಮ್ಮತವಿಲ್ಲ.

ಮಹಿಳೆಯಾಗಿ ಡಾಕ್ಟರ್

ಡಾಕ್ಟರ್ ಪಾತ್ರವನ್ನು ಮಹಿಳೆಗೆ ಕೊಡುವ ವಿಚಾರ ಹಳೆಯದು. 1980ರಲ್ಲಿ ನಿರ್ಗಮಿಸುವಾಗ ಟಾಮ್ ಬೇಕರ್ ತನ್ನ ಉತ್ತರಾಧಿಕಾರಿ ಅವನೋ ಅವಳೋ ಎಂದು ವಿನೋದವಾಗಿ ಹೇಳಿದ್ದರು. ಧಾರಾವಾಹಿಯ ಮೂಲಪುರುಷರಲ್ಲಿ ಒಬ್ಬರಾದ ಸಿಡ್ನಿ ನ್ಯೂಮನ್ 1986ರಲ್ಲಿ ಇದನ್ನೇ ಗಂಭೀರವಾಗಿ ಬಿಬಿಸಿಗೆ ಬರೆದರು. 1999ರ ಒಂದು ಹಾಸ್ಯಪ್ರಹಸನದಲ್ಲಿ ಜೊವಾನ್ನಾ ಲಮ್ಲಿ ಸ್ವಲ್ಪ ಹೊತ್ತು ಡಾಕ್ಟರ್ ಆದರು. ಕಥೆಯೊಳಗೆ ದಾರಿ ಸಿದ್ಧವಾದದ್ದು ಸ್ಟೀವನ್ ಮೊಫಾಟ್ ಅವರ ಅವಧಿಯಲ್ಲಿ: 2014ರಲ್ಲಿ ಮಾಸ್ಟರ್ ‘ಮಿಸ್ಸಿ’ ಎಂಬ ಹೆಣ್ಣಾಗಿ ಬಂದಳು, 2015ರಲ್ಲಿ ಬಿಳಿಯ ಸೇನಾಧಿಪತಿಯೊಬ್ಬ ತೆರೆಯ ಮೇಲೆಯೇ ಕಪ್ಪುವರ್ಣದ ಸ್ತ್ರೀಯಾಗಿ ಕಾಯಾಂತರ ಹೊಂದಿದ.

2017ರ ಜುಲೈ 16ರಂದು, ವಿಂಬಲ್ಡನ್ ಪುರುಷರ ಅಂತಿಮ ಪಂದ್ಯ ಮುಗಿದೊಡನೆ, ಜೋಡಿ ವಿಟ್ಟಕರ್ ಅವರ ಹೆಸರನ್ನು ಪ್ರಕಟಿಸಲಾಯಿತು. ಗಂಡುಹುಡುಗರು ಒಂದು ಆದರ್ಶವನ್ನು ಕಳೆದುಕೊಂಡರೆಂದು ಮಾಜಿ ಡಾಕ್ಟರ್ ಪೀಟರ್ ಡೇವಿಸನ್ ವಿಷಾದಿಸಿದರು. ಇನ್ನೊಬ್ಬ ಮಾಜಿ ಡಾಕ್ಟರ್ ಕಾಲಿನ್ ಬೇಕರ್ ಅದನ್ನು ಬಲವಾಗಿ ಅಲ್ಲಗಳೆದರು. 2018ರ ಅಕ್ಟೋಬರ್ 7ರ ಮೊದಲ ಕಂತನ್ನು ಬ್ರಿಟನ್ನಿನಲ್ಲಿ 1 ಕೋಟಿಗೂ ಅಧಿಕ ಜನ ನೋಡಿದರು. 2020ರ ಜನವರಿ 26ರಂದು ಜೋ ಮಾರ್ಟಿನ್, ಅದುವರೆಗೆ ಯಾರೂ ಅರಿಯದಿದ್ದ ಡಾಕ್ಟರನ ಇನ್ನೊಂದು ರೂಪವಾಗಿ ಕಾಣಿಸಿಕೊಂಡರು; ಆ ಪಾತ್ರದ ಮೊದಲ ಕಪ್ಪುವರ್ಣೀಯ ಕಲಾವಿದೆ ಅವರು.

ಸಹಯಾತ್ರಿ ಯಾಸ್ಮಿನ್ ಖಾನ್ (ಮನ್‌ದೀಪ್ ಗಿಲ್) ಈ ಡಾಕ್ಟರನ್ನು ಪ್ರೀತಿಸುತ್ತಾಳೆಂಬುದು 2022ರ ಜನವರಿ 1ರ ಕಂತಿನಲ್ಲಿ ಬಾಯಿಗೆ ಬಂದಿತು. ಅಕ್ಟೋಬರ್ 23ರ ಬೀಳ್ಕೊಡುಗೆಯಲ್ಲಿ ಇಬ್ಬರೂ ಟಾರ್ಡಿಸ್ ಮೇಲೆ ಕುಳಿತು ಐಸ್‌ಕ್ರೀಮ್ ತಿನ್ನುತ್ತ ಕೆಳಗಿನ ಭೂಮಿಯನ್ನು ನೋಡಿ ಅಗಲುತ್ತಾರೆ. ಪ್ರೀತಿ ಪ್ರೀತಿಯಾಗಿ ಮುಂದುವರಿಯುವುದಿಲ್ಲ. ಬಿಳಿಯ ಗಂಡು-ಹೆಣ್ಣಿನ ಜೋಡಿಯಾಗಿದ್ದರೆ ಇಷ್ಟು ಸಂಕೋಚ ಇರುತ್ತಿತ್ತೇ ಎಂಬ ಆಕ್ಷೇಪ ಅಲಕ್ಷಿಸುವಂಥದಲ್ಲ. ವಿನಯ್ ಪಟೇಲ್ ಬರೆದ ‘ಡೀಮನ್ಸ್ ಆಫ್ ದಿ ಪಂಜಾಬ್’ (2018) ಕಂತು ಯಾಸ್ಮಿನ್‌ಳನ್ನು 1947ರ ದೇಶವಿಭಜನೆಯ ದಿನಗಳಿಗೆ, ಅಜ್ಜಿಯ ಮದುವೆಗೆ ಕರೆದೊಯ್ಯುತ್ತದೆ. ಬೇರೆ ಬೇರೆ ಮೂಲದ ಲೇಖಕರನ್ನೂ ಸೇರಿಸಿಕೊಂಡರೆ ಕಥೆಯ ವಸ್ತುವೇ ಹಿಗ್ಗುತ್ತದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಶುಟಿ ಗಟ್ವಾ ಅವಧಿ

ರುವಾಂಡದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಶುಟಿ ಗಟ್ವಾ 2023ರ ಡಿಸೆಂಬರ್ 9ರಂದು ಡಾಕ್ಟರ್ ಆಗಿ ಮೊದಲು ಕಾಣಿಸಿಕೊಂಡರು. ತಾನು ಕ್ವಿಯರ್ ಎಂದು ಬಹಿರಂಗವಾಗಿ ಹೇಳಿಕೊಂಡ ಕಪ್ಪುವರ್ಣೀಯ ನಟನೊಬ್ಬ ಕೇಂದ್ರಪಾತ್ರವನ್ನು ವಹಿಸಿದ್ದು ಇದೇ ಮೊದಲು. 2024ರ ಜೂನ್ 8ರ ‘ರೋಗ್’ ಕಂತಿನಲ್ಲಿ ಡಾಕ್ಟರನು ಜೊನಾಥನ್ ಗ್ರಾಫ್ ನಟಿಸಿದ ಬೇಟೆಗಾರನಿಗೆ ಮನಸೋಲುತ್ತಾನೆ. ಇಲ್ಲಿಯ ಚುಂಬನ 2005ರ ಬೀಳ್ಕೊಡುಗೆಯದಲ್ಲ, ಪ್ರೇಮದ್ದು. ಆದರೂ ಪ್ರೇಮಿಯು ಅದೇ ಕಂತಿನಲ್ಲಿ ಅನ್ಯಲೋಕದ ಪಾಲಾಗುತ್ತಾನೆ. ಇದಕ್ಕೆ ಮೊದಲು, 2023ರ ನವೆಂಬರ್ 25ರ ‘ದಿ ಸ್ಟಾರ್ ಬೀಸ್ಟ್’ನಲ್ಲಿ ಟ್ರಾನ್ಸ್ ನಟಿ ಯಾಸ್ಮಿನ್ ಫಿನ್ನಿ, ರೋಸ್ ನೋಬಲ್ ಎಂಬ ಟ್ರಾನ್ಸ್ ಹುಡುಗಿಯ ಪಾತ್ರವನ್ನು ಮಾಡಿದ್ದರು. ಮಗಳಿಗೆ ಬೀದಿಯಲ್ಲಿ ಹುಡುಗರು ಹಳೆಯ ಹೆಸರು ಹಿಡಿದು ಕೂಗಿದಾಗ ತಾಯಿ ಡೊನ್ನಾ ಸಿಡಿಯುವ ದೃಶ್ಯ ಸಹಜವಾಗಿದೆ. ಲಿಂಗತ್ವವನ್ನೇ ಕಥೆಯ ಬೀಗದ ಕೈಯಾಗಿ ಬಳಸಿದ ಕೊನೆಯ ಭಾಗ ಅಷ್ಟು ಒಪ್ಪುವಂತಿಲ್ಲ. ಗಟ್ವಾ 2025ರ ಮೇ 31ರ ಕಂತಿನಲ್ಲಿ ನಿರ್ಗಮಿಸಿದರು.

ವರ್ಣ ಮತ್ತು ಅಂಗವೈಕಲ್ಯ

ಪಾತ್ರಹಂಚಿಕೆಯ ಹಿಂದಿನ ದಾಖಲೆ ಮಿಶ್ರವಾದದ್ದು. ಮೊದಲ ಕಾಯಾಂತರ ನಡೆದ 1966ರ ಕಥೆಯಲ್ಲಿಯೇ ಬರ್ಮುಡಾ ಮೂಲದ ಅರ್ಲ್ ಕ್ಯಾಮರನ್ ಗಗನಯಾತ್ರಿಯಾಗಿದ್ದರು. ಆದರೆ ‘ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ (1977) ಕಥೆಯಲ್ಲಿ ಬಿಳಿಯ ನಟ ಜಾನ್ ಬೆನೆಟ್ ಬಣ್ಣ ಬಳಿದುಕೊಂಡು ಚೀನೀಯನಾಗಿ ಅಭಿನಯಿಸಿದರು. 2007ರಲ್ಲಿ ಫ್ರೀಮಾ ಅಜೆಮನ್ ಮುಖ್ಯ ಸಹಯಾತ್ರಿಯಾದರು. 2025ರಲ್ಲಿ ಕೇರಳದಲ್ಲಿ ಜನಿಸಿದ ವರದಾ ಸೇತು ಬೆಲಿಂಡಾ ಚಂದ್ರಾ ಎಂಬ ದಾದಿಯಾಗಿ ಅದೇ ಸ್ಥಾನಕ್ಕೆ ಬಂದರು. 2024ರ ‘ಡಾಟ್ ಆ್ಯಂಡ್ ಬಬಲ್’ ಕಂತು ಇದನ್ನೇ ತಿರುಗಿಸಿ ಹೇಳುತ್ತದೆ. ಅಲ್ಲಿಯ ಯುವಕ ಯುವತಿಯರೆಲ್ಲರೂ ಬಿಳಿಯರು ಎಂಬುದು ನೋಡುಗನ ಅರಿವಿಗೆ ಬರುವುದು, ಅವರು ಕಪ್ಪುವರ್ಣದ ಡಾಕ್ಟರನ ಸಹಾಯವನ್ನು ತಿರಸ್ಕರಿಸಿದ ಕೊನೆಯ ಕ್ಷಣದಲ್ಲಿ. ಕಿವುಡ ಕಲಾವಿದೆಯರಾದ ಸೋಫಿ ಸ್ಟೋನ್ (2015), ರೋಸ್ ಐಲಿಂಗ್-ಎಲ್ಲಿಸ್ (2025), ಗಾಲಿಕುರ್ಚಿ ಬಳಸುವ ರೂತ್ ಮೇಡ್ಲಿ (2023) ತಮ್ಮಂತೆಯೇ ಇರುವ ಪಾತ್ರಗಳನ್ನು ಮಾಡಿದ್ದಾರೆ.

ಆಕ್ಷೇಪಗಳು

ಧಾರಾವಾಹಿಯು ಕಥೆಗಿಂತ ಉಪದೇಶಕ್ಕೆ ಮಹತ್ವ ಕೊಡುತ್ತಿದೆ ಎಂಬ ಟೀಕೆ 2018ರ ಅನಂತರ ಹೆಚ್ಚಿತು. ದುರ್ಬಲ ಕಥೆಗಳ ಬಗ್ಗೆ ಈ ಟೀಕೆ ಕೆಲವೆಡೆ ಸಲ್ಲುತ್ತದೆ. ಅದನ್ನು ಪಾತ್ರಧಾರಿಗಳ ಲಿಂಗ, ವರ್ಣಗಳ ಮೇಲೆ ಹೊರಿಸುವುದು ಸಲ್ಲದು. ವಿಧ್ಯುಕ್ತ ದೂರುಗಳು ಕೆಲವೊಮ್ಮೆ ಗದ್ದಲ ಸೂಚಿಸುವುದಕ್ಕಿಂತ ಬಹಳ ಕಡಿಮೆ. 2014ರ ಆಗಸ್ಟ್ 23ರ ‘ಡೀಪ್ ಬ್ರೆತ್’ ಕಂತಿನಲ್ಲಿ ವಾಸ್ತ್ರಾ ಉಸಿರು ಹಂಚಿಕೊಳ್ಳಲು ಜೆನ್ನಿಯ ತುಟಿಗೆ ತುಟಿ ಸೇರಿಸಿದ ದೃಶ್ಯದ ಬಗ್ಗೆ ಬ್ರಿಟನ್ನಿನ ಪ್ರಸಾರ ನಿಯಂತ್ರಕ ‘ಆಫ್‌ಕಾಮ್’ಗೆ ಬಂದ ದೂರುಗಳು 6. ನಿಯಮಗಳು ಸಲಿಂಗ, ಭಿನ್ನಲಿಂಗ ದೃಶ್ಯಗಳ ನಡುವೆ ಭೇದ ಮಾಡುವುದಿಲ್ಲವೆಂದು ಹೇಳಿ ಅದು ತನಿಖೆಯನ್ನು ಕೈಗೊಳ್ಳಲಿಲ್ಲ. ಸಿಂಗಾಪುರದ ಪ್ರಸಾರ ನಿಯಮಗಳಿಗೆ ಅನುಗುಣವಾಗಿ ಏಷ್ಯಾದ ಪ್ರಸಾರದಲ್ಲಿ ಆ ಕೆಲವು ಕ್ಷಣಗಳನ್ನು ಕತ್ತರಿಸಲಾಯಿತು.